ಮದುವೆ ಮಡಕೆಯಾಗಲು ಹೊರಟ ನನ್ನ ಕಲಾಕೃತಿಗಳು

ಮಣ್ಣಿನ ಕೆಲಸದಲ್ಲಿ ನನಗಿರುವ ಅಪಾರ ಪ್ರತಿಭೆ ನಲವತ್ತೆರಡನೆಯ ವಯಸ್ಸಿನವರೆಗೆ ನನಗೇ ಗೊತ್ತಿರಲಿಲ್ಲ. ಬೇಲೂರಿನ ಹೈಸ್ಕೂಲೊಂದರಲ್ಲಿ ಗಣಿತ ಹೇಳಿಕೊಂಡು ತಣ್ಣಗಿದ್ದೆ. ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆ ರಜೆಯಲ್ಲಿ, ಬೆಂಗಳೂರಿನ ಕೆಲವು ಸ್ಟುಡಿಯೋ ಕುಂಬಾರಿಕೆ ಕಲಾವಿದರು ಹಳೇಬೀಡಿಗೆ ಬಂದು ಬಸ್ತಿಹಳ್ಳಿ ದಾರಿಯ ಶೆಡ್ಡೊಂದರಲ್ಲಿ ಹತ್ತು ದಿನದ ಶಿಬಿರ ಇಟ್ಟರು. ಆಸಕ್ತರೆಲ್ಲ ಸೇರಬಹುದು ಎಂದು ಸುದ್ದಿ ಬಂತು. ತಕ್ಷಣ ನಾನು ಆಸಕ್ತನಾದೆ!

"ನಲ್ಲಿಗೆ ವಾಷರ್ ಹಾಕೋಕೆ ಬರಲ್ಲ, ಮಡಕೆ ಮಾಡೋಕೆ ಹೊರಟ್ರು" ಎಂದಳು ನನ್ನ ಹೆಂಡತಿ ಜಯಂತಿ.

"ವಾಷರ್ ಹಾಕುವುದು ಕಸುಬು ಕಣೇ, ಇದು ಕಲೆ" ಎಂದು ತಿಳಿಸಿ ಬಸ್ ಹತ್ತಿದೆ.

ಶಿಬಿರದ ಮೇಡಂ ನಮಗೆ ಕಲಿಸಿದ್ದು ರಾಕು ಎಂಬ ಜಪಾನಿನ ವಿಧಾನ. ಗಾಜಿನಂಥ ಲೇಪ ಬಳಿದ ಮಡಕೆಯನ್ನು ಗೂಡಿನಲ್ಲಿ ಕೆಂಪಗೆ ಕಾಯಿಸಿ, ಇಕ್ಕಳದಲ್ಲಿ ಎತ್ತಿ ಮರದ ಹೊಟ್ಟಿನೊಳಗೆ ಹಾಕಿ ಮುಚ್ಚುವುದು. ಲೇಪ ಚಿಟಿಚಿಟಿ ಎಂದು ಬಿರುಕು ಬಿಟ್ಟು, ಆ ಬಿರುಕಿನೊಳಗೆ ಹೊಗೆ ಕೂತು, ಬಿಳಿಯ ಮಡಕೆಯ ಮೈ ತುಂಬ ಕಪ್ಪು ಬಲೆ ಹರಡಿಕೊಳ್ಳುತ್ತದೆ. ಬಿರುಕು ಹೆಚ್ಚಿದಷ್ಟೂ ಚೆಂದ ಎಂದರು ಮೇಡಂ. ನನ್ನವು ಎಲ್ಲರಿಗಿಂತ ಹೆಚ್ಚು ಬಿರುಕು ಬಿಟ್ಟವು. ಐದು ಮಡಕೆ, ಐದೂ ಭಯಂಕರ ಚೆಂದ!

ಕೊನೆಯ ದಿನ ಊರಿನ ಸಮುದಾಯ ಭವನದಲ್ಲಿ ಪ್ರದರ್ಶನ. ಬಿಳಿ ಬಟ್ಟೆ ಹಾಸಿದ ಮೇಜಿನ ಮೇಲೆ ನನ್ನ ಐದು ಮಡಕೆ, ಮುಂದೆ ಒಂದು ಚೀಟಿ: 'ಮೌನದ ಬಿರುಕುಗಳು'. ಕಲಾಕೃತಿಗೆ ಹೆಸರು ಕಡ್ಡಾಯವಂತೆ. ಇನ್ನೊಂದು ಚೀಟಿ: 'ದಯವಿಟ್ಟು ಮುಟ್ಟಬೇಡಿ'. ಗಡ್ಡ ಬಿಟ್ಟ ಹಿರಿಯ ಕಲಾವಿದರೊಬ್ಬರು ಕೈ ಹಿಂದೆ ಕಟ್ಟಿಕೊಂಡು ಬಹಳ ಹೊತ್ತು ನಿಂತರು. ತಲೆಯನ್ನು ಎಡಕ್ಕೆ ವಾಲಿಸಿದರು, ಬಲಕ್ಕೆ ವಾಲಿಸಿದರು.

"ಈ ಬಿರುಕಿನಲ್ಲಿ ಒಂದು ಧೈರ್ಯ ಇದೆ" ಎಂದರು.

ಇಪ್ಪತ್ತು ವರ್ಷ ಗಣಿತ ಹೇಳಿದ್ದಕ್ಕೆ ಒಬ್ಬರೂ ನನ್ನಲ್ಲಿ ಧೈರ್ಯ ಕಂಡಿರಲಿಲ್ಲ. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಅದೇ ಹೊತ್ತಿಗೆ ಕಣಕಟ್ಟೆಯಿಂದ ಜಯಂತಿಯ ಅಣ್ಣ, ನಮ್ಮ ಭಾವ, ಮಗಳು ಪವಿತ್ರಳ ಲಗ್ನಪತ್ರಿಕೆ ಹಿಡಿದು ಅಲ್ಲಿಗೇ ಬಂದರು. ನಮ್ಮ ಕಡೆ ಮದುವೆಗೆ ಐರಾಣಿ ಮಡಕೆ ಎಂದು ಇಡುತ್ತಾರೆ. ಚಪ್ಪರದ ದಿನ ಕುಂಬಾರರ ಮನೆಗೆ ವಾಲಗದೊಂದಿಗೆ ಹೋಗಿ, ಮಡಕೆ ಮಾಡುವ ಚಕ್ರವಾದ ತಿಗರಿಗೆ ಪೂಜೆ ಮಾಡಿ, ಬಣ್ಣ ಬರೆದ ಮಡಕೆಗಳನ್ನು ತಂದು, ನೀರು ತುಂಬಿ ಹಸೆಯ ಪಕ್ಕ ಇಡುವ ಶಾಸ್ತ್ರ.

"ಭಾವ, ಈ ಸಲ ಐರಾಣಿ ನನ್ನ ಕಾಣಿಕೆ!" ಎಂದು ಘೋಷಿಸಿಬಿಟ್ಟೆ.

ಭಾವ ತಲೆ ಕೆರೆದುಕೊಂಡರು. "ಕುಂಬಾರ ಸಿದ್ದಣ್ಣನ ಮನೆಗೆ ವೀಳ್ಯ ಕೊಡ್ಬೇಕಲ್ಲ ಮೇಷ್ಟ್ರೇ? ನಮ್ಮ ತಾತನ ಕಾಲದಿಂದ್ಲೂ ಅವ್ರ ಮನೇದೇ ಐರಾಣಿ."

"ಪಾಪ, ಸಿದ್ದಣ್ಣನಿಗೂ ವಯಸ್ಸಾಯ್ತು. ವಿಶ್ರಾಂತಿ ಕೊಡೋಣ!"

ಮನೆಯ ಅಳಿಯ, ಅದರಲ್ಲೂ ಮೇಷ್ಟ್ರು. ಎದುರಾಡುವುದು ಹೇಗೆ? ಭಾವ ಒಪ್ಪಿಕೊಂಡು ಹೋದರು.

ಚಪ್ಪರದ ದಿನ ಐದೂ ಮಡಕೆಗೆ ಜಯಂತಿಯ ಹಳೇ ಸೀರೆ ಸುತ್ತಿ, ಎರಡನ್ನು ನನ್ನ ತೊಡೆಯ ಮೇಲೆ, ಎರಡನ್ನು ಅವಳ ತೊಡೆಯ ಮೇಲೆ, ಒಂದನ್ನು ಕಾಲ ಸಂದಿಯಲ್ಲಿ ಇಟ್ಟುಕೊಂಡು ಅರಸೀಕೆರೆ ಬಸ್ಸಿನಲ್ಲಿ ಹೊರಟೆವು. ಟಿಕೆಟ್ ಕೊಡಲು ಬಂದ ಕಂಡಕ್ಟರು ಸೀರೆಯ ಸಂದಿಯಲ್ಲಿ ಇಣುಕಿ ನೋಡಿದ.

"ಮೊದ್ಲೇ ಒಡೆದೈತಲ್ಲ ಸಾರ್, ಇನ್ಯಾಕೆ ಇಷ್ಟು ಜೋಪಾನ?"

ಕಲೆಯ ಗಂಧವಿಲ್ಲದವನ ಜೊತೆ ವಾದವೇಕೆ ಎಂದು ಕಿಟಕಿಯ ಕಡೆ ತಿರುಗಿದೆ. ಕಣಕಟ್ಟೆ ತಲುಪುವವರೆಗೂ ಒಂದು ಮಡಕೆಗೂ ಪೆಟ್ಟಾಗಲಿಲ್ಲ. ಮದುವೆಮನೆಯ ಜಗಲಿಯಲ್ಲಿ ಮಣೆ ಹಾಕಿ, ಅದರ ಮೇಲೆ ಐದನ್ನೂ ಸಾಲಾಗಿ ಇಟ್ಟು, ಸೀರೆ ಸರಿಸಿ, ಮೆಚ್ಚುಗೆಗಾಗಿ ಕಾದೆ.

ನಮ್ಮ ಅತ್ತೆ ಮುಂದೆ ಬಂದರು. ಮಡಕೆ ಕಂಡರೆ ನಮ್ಮ ಕಡೆಯ ಹೆಂಗಸರು ಮೊದಲು ಮಾಡುವ ಕೆಲಸವನ್ನೇ ಮಾಡಿದರು. ಬೆರಳು ಮಡಿಸಿ, ಕಿವಿ ಹತ್ತಿರ ಇಟ್ಟು, ಬಡಿದರು.

ಗಟ್ಟಿ ಮಡಕೆ ಠಣ್ ಎನ್ನಬೇಕು. ನನ್ನದು ಡಬ್ ಎಂದಿತು. ಎರಡನೆಯದನ್ನು ಬಡಿದರು. ಡಬ್. ಐದೂ ಡಬ್! ಪ್ರದರ್ಶನದಲ್ಲಿ ಯಾರಿಗೂ ಮುಟ್ಟಲು ಬಿಡದಿದ್ದದ್ದು ನನ್ನ ಪುಣ್ಯ ಎಂದು ಆಗ ತಿಳಿಯಿತು.

"ಅಯ್ಯೋ ಶಿವನೇ, ಒಡಕು ಮಡಕೆ ತಂದವ್ರೆ!" ಎಂದಳು ಯಾರೋ ಹೆಂಗಸು. ವಾಲಗದವರೂ ಊದುವುದು ನಿಲ್ಲಿಸಿದರು.

ನಾನು ಗಂಟಲು ಸರಿಮಾಡಿಕೊಂಡೆ. "ಅತ್ತೆ, ಇದು ಒಡಕಲ್ಲ. ಬೇಕೂಂತಲೇ ಬಿಡಿಸಿದ ಬಿರುಕು. ಜಪಾನಿನಲ್ಲಿ..."

"ನೀರು ಹಾಕ್ರಿ, ನೋಡಾನ" ಎಂದರು ಅತ್ತೆ.

ನೀರು ಹಾಕಿದರು. ಮೊದಲು ಮಡಕೆಯ ಮೈ ಬೆವರಿತು. ಆಮೇಲೆ ನಾನು ಬೆವರಿದೆ. ಸ್ವಲ್ಪ ಹೊತ್ತಿನಲ್ಲಿ ಮಣೆ ಒದ್ದೆಯಾಗಿ ನೀರು ಜಗಲಿಯಿಂದ ಕೆಳಗಿಳಿಯಿತು. ರಾಕು ಮಡಕೆಯಲ್ಲಿ ನೀರು ನಿಲ್ಲುವುದಿಲ್ಲ ಎಂದು ಮೇಡಂ ಹೇಳಿದ್ದಿರಬೇಕು. ಅಂದು ನಾನು ಕಲಾಕೃತಿಗೆ ಹೆಸರು ಯೋಚಿಸುತ್ತಿದ್ದೆ.

ಸಂಜೆಗೆ ಗಂಡಿನ ಕಡೆಯವರು ಬಂದಿಳಿಯುತ್ತಾರೆ. ಹಸೆಯ ಪಕ್ಕ ಸೋರುವ ಮಡಕೆ ಕಂಡರೆ ಅವರು ಏನೆಂದುಕೊಂಡಾರು? ಅತ್ತೆಗೆ ಅದಕ್ಕಿಂತ ದೊಡ್ಡ ಭಯ. "ಮೊಮ್ಮಗಳ ಮದ್ವೇಲಿ ಇದೆಂಥ ಅಪಶಕುನ ಅಳಿಯಂದ್ರೇ" ಎಂದು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಬಾಗಿಲ ಹಿಂದೆ ಅರಿಶಿನ ಹಚ್ಚಿಕೊಂಡು ನಿಂತಿದ್ದ ಪವಿತ್ರಳ ಮುಖವೂ ಸಣ್ಣದಾಗಿತ್ತು. ನನಗೆ ನಿಜವಾಗಿ ನಾಚಿಕೆಯಾಯಿತು. ಶಿಬಿರ ಸೇರಿದ ಮೇಲೆ ಮೊದಲ ಸಲ ಬಾಯಿ ಮುಚ್ಚಿದೆ.

"ಏಳ್ರಿ, ಸಿದ್ದಣ್ಣನ ಮನೆಗೆ ಹೋಗಾಣ" ಎಂದಳು ಜಯಂತಿ. "ಆ ಮಡಕೇಲಿ ಒಂದು ತಗೊಳ್ಳಿ. ಮಾಡಿದ್ದು ಏನೂಂತ ಅವರೂ ನೋಡ್ಲಿ."

ಸಿದ್ದಣ್ಣ ಮನೆಯ ಮುಂದೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ನಾನು ಎಲ್ಲವನ್ನೂ ಒಪ್ಪಿಸಿದೆ. ವಿಶ್ರಾಂತಿಯ ಮಾತೊಂದನ್ನು ಬಿಟ್ಟೆ, ಅದನ್ನು ಜಯಂತಿ ಸೇರಿಸಿದಳು. ಅವರು ನನ್ನ ಮಡಕೆಯನ್ನು ಇಸಿದುಕೊಂಡು, ತಿರುಗಿಸಿ, ಬಿಸಿಲಿಗೆ ಹಿಡಿದು ನೋಡಿದರು.

"ಇದ್ನ ಕಲಿಯಾಕೆ ಎಷ್ಟು ದಿನ ಆಯ್ತು ಮೇಷ್ಟ್ರೇ?"

"ಹತ್ತು ದಿನ" ಎಂದೆ, ಸಣ್ಣ ದನಿಯಲ್ಲಿ.

"ಕಸುಬಿಗೆ ಕೂತ ಮೊದಲ್ನೇ ದಿನಾನೇ ನಾನು ಇಂಥವ ಮಾಡಿದ್ದೆ. ನಮ್ಮಪ್ಪ ಕೋಲು ತಗಂಡು ಅಟ್ಟಿಸ್ಕಂಡ್ ಬಂದಿದ್ದ!"

ಗಡ್ಡದ ಕಲಾವಿದರು ಕಂಡ ಧೈರ್ಯ ನನ್ನಲ್ಲಿ ಎಲ್ಲೂ ಉಳಿದಿರಲಿಲ್ಲ. "ಹೇಗಾದರೂ ಮಾಡಿ ಐದು ಮಡಕೆ ಕೊಡಿ ಸಿದ್ದಣ್ಣ. ತಪ್ಪು ನನ್ನದು, ಮಗುವಿನದಲ್ಲ" ಎಂದು ಕೈ ಮುಗಿದೆ.

ಅವರು ಎದ್ದು ಮೂಲೆಯ ಗೋಣಿಚೀಲ ಸರಿಸಿದರು. ಸುಣ್ಣ, ಕೆಮ್ಮಣ್ಣಿನ ಚಿತ್ತಾರ ಬರೆದ ಐದು ಮಡಕೆ ಸಾಲಾಗಿ ಕೂತಿದ್ದವು. "ನೀವು ಬ್ಯಾಡ ಅಂದ್ರಿ ಅಂತ ಸುದ್ದಿ ಬಂತು. ಬ್ಯಾಸರ ಆಯ್ತು ಕಣ್ರೀ, ಸುಳ್ಳು ಯಾಕೆ. ಆದ್ರೂ ನಮ್ಮ ಪವಿತ್ರನ್ ಮದುವೆ. ಕೈ ಕಟ್ಕಂಡು ಕೂರಾಕಾಯ್ತದಾ?"

ಜಯಂತಿ ಅಲ್ಲೇ ಅತ್ತಳು. ವಾಲಗ ಬಂತು, ವೀಳ್ಯ ಬಂತು. ತಿಗರಿಗೆ ಪೂಜೆ ಮಾಡಿ ಕಾಯಿ ಒಡೆಯುವ ಕೆಲಸವನ್ನು ನನಗೇ ಕೊಟ್ಟರು. ಒಡೆಯುವ ಕೆಲಸದಲ್ಲಿ ನನ್ನ ಮೇಲೆ ಎಲ್ಲರಿಗೂ ನಂಬಿಕೆ ಬಂದಿತ್ತು!

ಮಾರನೆಯ ದಿನ ಧಾರೆ ಮುಗಿದ ಮೇಲೆ ಗಂಡಿನ ತಂದೆ ಹಸೆಯ ಪಕ್ಕದ ಮಡಕೆಗಳನ್ನು ನೋಡಿ ನನ್ನ ಕೈ ಕುಲುಕಿದರು. "ಐರಾಣಿ ನೀವೇ ಮಾಡಿದ್ದಂತೆ. ಭಾರಿ ಕೈ ಸಾರ್ ನಿಮ್ದು!" ಪಕ್ಕದಲ್ಲೇ ಸಿದ್ದಣ್ಣ ಹೊಸ ಪಂಚೆ ಉಟ್ಟು ನಿಂತಿದ್ದರು. ಒಂದು ಕ್ಷಣ, ಒಂದೇ ಕ್ಷಣ, ಸುಮ್ಮನಿರೋಣ ಅನ್ನಿಸಿತು. ನಿಜ ಹೇಳಿದೆ.

"ಹಂಗಾದ್ರೆ ನೀವು ಮಾಡಿದ್ದು ಎಲ್ಲಿ?" ಎಂದರು ಅವರು.

ಉತ್ತರ ಕೊಟ್ಟವರು ನಮ್ಮ ಅತ್ತೆ. "ಹಿತ್ತಲಲ್ಲಿ ಮಡಗಿದ್ದೆ. ಒಂದ್ರಲ್ಲಿ ಕೋಳಿ ಹೋಗಿ ಕೂತೈತೆ."

ನನಗೆ ಒಳಗೊಳಗೇ ಹೆಮ್ಮೆಯಾಯಿತು. ಒಂದು ಪ್ರಶ್ನೆಯನ್ನೂ ಕೇಳದೆ, ಬೆರಳಿನಿಂದ ಬಡಿಯದೆ, ನನ್ನ ಕಲೆಯನ್ನು ಒಪ್ಪಿಕೊಂಡ ಜೀವವೊಂದು ಕಣಕಟ್ಟೆಯಲ್ಲಿತ್ತು! ಹೊರಡುವ ಮೊದಲು ಕಣ್ತುಂಬ ನೋಡೋಣವೆಂದು ಹಿತ್ತಲಿಗೆ ಹೋದೆ. ಮಡಕೆ ಖಾಲಿಯಿತ್ತು. ಕೋಳಿ ತನ್ನ ಹಳೇ ಕುಕ್ಕೆಗೆ ವಾಪಸು ಹೋಗಿತ್ತು.