ಮೂರೆಲೆಗೆ ಏರಿಸಿದ ವಾಚಪ್ಪ

"ಏರಿಸೋಕೆ ಧೈರ್ಯ ಇಲ್ಲ ಅಂದ್ರೆ ಕುರ್ಚಿ ಬಿಡಯ್ಯ. ಪಾಪ, ನಿನ್ನ ಷಡ್ಡಕ ಎಷ್ಟು ವಾರದಿಂದ ನಿಂತೇ ನೋಡ್ತಿದ್ದಾನೆ," ಎಂದ ಟೈಲರ್, ಇಸ್ಪೀಟಿನ ಎಲೆ ಕಲಸುತ್ತ.

ವಾಚಪ್ಪನಿಗೆ ಮೈಯೆಲ್ಲ ಉರಿಯಿತು. ವಾಚು ರಿಪೇರಿ ಮಾಡುವವನಾದ್ದರಿಂದ ಬೀದಿಯವರು ಅವನಿಗೆ ಇಟ್ಟಿದ್ದ ಹೆಸರು ಅದು. ಭಾನುವಾರ ಮಧ್ಯಾಹ್ನವೆಂದರೆ ಟೈಲರ್ ಅಂಗಡಿಯ ಹಿಂದಿನ ಕೋಣೆಯಲ್ಲಿ ನಾಲ್ಕು ಕುರ್ಚಿ, ನಾಲ್ಕು ಜನ, ಒಂದು ಪೋಕರ್ ಆಟ. ಪಣಕ್ಕೆ ಅಂಗಿಯ ಗುಂಡಿಗಳು. ಮುಷ್ಟಿ ತುಂಬ ಸೋತರೂ ಒಂದು ಬನ್ನಿನ ದುಡ್ಡು ಹೋದೀತು, ಅಷ್ಟೆ. ಆದರೆ ವಾರವಿಡೀ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಇರುವೆಗಿಂತ ಸಣ್ಣ ಚಕ್ರಗಳ ಜೊತೆ ಸಂಸಾರ ಮಾಡುವ ವಾಚಪ್ಪನಿಗೆ ಮನುಷ್ಯರ ಮುಖ ಕಾಣಿಸುತ್ತಿದ್ದದ್ದು ಆ ಕುರ್ಚಿಯಲ್ಲಿ ಕೂತಾಗ ಮಾತ್ರ.

"ಯಾಕೆ ಬಿಡ್ಬೇಕು? ನಾನೇನು ಮೋಸ ಮಾಡಿದ್ನಾ?"

"ಮೋಸ ಮಾಡಿದ್ರಾದ್ರೂ ಒಂದು ರುಚಿ ಇರ್ತಿತ್ತು," ಎಂದಳು ಬೇಕರಿ ಅಕ್ಕ. "ನಾವು ಹಾಕಿದಷ್ಟು ಹಾಕ್ತೀಯ, ಹೆದರಿದ್ರೆ ಎಲೆ ಎಸೀತೀಯ. ನಿನ್ನ ಜೊತೆ ಆಡೋದೂ ಒಂದೇ, ಬಸ್ಸಿಗೆ ಕಾಯೋದೂ ಒಂದೇ."

ತೀರ್ಪು ಕೊಟ್ಟವನು ಸಲೂನಿನವನು. "ಇವತ್ತು ಮಧ್ಯೆ ಮೂರೆಲೆ ಬಿಚ್ಚಿದ ಕೂಡಲೇ ನೀನು ಪಣ ಏರಿಸಿ ತೋರ್ಸು. ಇಲ್ಲಾಂದ್ರೆ ಮುಂದಿನ ವಾರದಿಂದ ಕುರ್ಚಿ ಷಡ್ಡಕಂದು."

"ಅಯ್ಯೋ, ಅಣ್ಣನ ಕುರ್ಚಿ ನನಗ್ಯಾಕೆ," ಎನ್ನುತ್ತಲೇ ಷಡ್ಡಕ ಅದರ ಬೆನ್ನು ಸವರಿದ.

ಒಬ್ಬೊಬ್ಬರಿಗೂ ಎರಡೆರಡು ಗುಟ್ಟಿನ ಎಲೆ ಬಂದವು. ವಾಚಪ್ಪನಿಗೆ ಎರಡು ಎಂಟು. ಮಧ್ಯೆ ಬಿಚ್ಚಿದ ಮೂರರಲ್ಲಿ ಇನ್ನೊಂದು ಎಂಟು! ಅವನ ಎದೆ ಹೊಲಿಗೆ ಮಿಷನ್ನಿನಂತೆ ಹೊಡೆದುಕೊಂಡಿತು.

"ಏರಿಸಿದೆ!"

ಮೂವರೂ ಬಿಸಿ ಪಾತ್ರೆ ಮುಟ್ಟಿದವರಂತೆ ಎಲೆ ಎಸೆದರು. "ವಾಚಪ್ಪ ಏರಿಸ್ತಾನೆ ಅಂದ್ರೆ ಬೆಂಕಿ ಇದೆ ಅಂತ. ಪ್ಯಾಕ್!"

ಸಿಕ್ಕಿದ್ದು ನಾಲ್ಕೇ ಗುಂಡಿ, ಅದರಲ್ಲೊಂದು ಒಡೆದದ್ದು. ಇರಲಿ ಎಂದು ಅವನು ಎದೆಯುಬ್ಬಿಸಿದ. "ಏರಿಸಿದ್ನಲ್ಲ! ಮಾತು ಮುಗೀತು."

"ಅದು ಏರಿಸಿದ್ದಲ್ಲಯ್ಯ, ಡಂಗುರ ಸಾರಿದ್ದು," ಎಂದ ಟೈಲರ್. "ಯಾರಾದ್ರೂ ನಂಬಿ ಮೋಸ ಹೋಗ್ಬೇಕು. ಇದು ಲೆಕ್ಕಕ್ಕಿಲ್ಲ."

"ಮೊದಲು ಹಾಗೆ ಹೇಳ್ಲಿಲ್ಲ ನೀವು!"

"ಅಂಥ ಎಲೆ ಬಂದಾಗ ಸುಮ್ನಿದ್ದು ಮೀನಿಗೆ ದಾರ ಬಿಡ್ಬೇಕು ಅಣ್ಣ," ಎಂದು ಷಡ್ಡಕ ಹಿಂದಿನಿಂದ ಕಿವಿಯಲ್ಲಿ ಉಸುರಿದ.

ಮುಂದಿನ ಆಟದಲ್ಲಿ ವಾಚಪ್ಪನ ಕೈಲಿ ರಾಜ, ಮಧ್ಯೆಯೂ ಒಂದು ರಾಜ, ಜೊತೆಗೆ ಎರಡು ಆಟಿನ್. ಹಲ್ಲು ಕಚ್ಚಿ, ಏರಿಸದೆ ದಾರ ಬಿಟ್ಟ. ನಾಲ್ಕನೇ ಎಲೆಗೂ ಬಿಟ್ಟ. ಐದನೆಯದು ಬಿತ್ತು, ಅದೂ ಆಟಿನ್. ಬೇಕರಿ ಅಕ್ಕ ತನ್ನ ಕೈಯ ಎರಡು ಆಟಿನ್ ಸೇರಿಸಿ ಒಂದೇ ಜಾತಿಯ ಐದು ಎಲೆ ಮಾಡಿ ಗೆದ್ದು, ಮಧ್ಯದ ಗುಂಡಿಗಳನ್ನೆಲ್ಲ ಹಿಟ್ಟು ಬಳಿಯುವಂತೆ ಬಳಿದುಕೊಂಡಳು.

"ಥೂ, ಮೂರರಲ್ಲೇ ಏರಿಸಿದ್ರೆ ನಾನು ಓಡಿಹೋಗ್ತಿದ್ದೆ. ಬಿಟ್ಟಿಯಾಗಿ ಮುಂದಿನ ಎಲೆ ತೋರಿಸ್ತಾ ಕೂತ್ಯಲ್ಲ!"

"ಅಲ್ವಾ ಮತ್ತೆ," ಎಂದ ಷಡ್ಡಕ.

"ನೀನೇ ತಾನೆ ದಾರ ಬಿಡು ಅಂದಿದ್ದು!"

"ದಾರ ಬಿಡು ಅಂದೆ ಅಣ್ಣ, ಗಾಳಾನೇ ಬಿಡು ಅಂದ್ನಾ?"

ಏರಿಸಿದರೂ ತಪ್ಪು, ಏರಿಸದಿದ್ದರೂ ತಪ್ಪು! ಮೂರನೇ ಆಟದ ಹೊತ್ತಿಗೆ ವಾಚಪ್ಪನ ಸಿಟ್ಟು ಕುಕ್ಕರಿನ ಸೀಟಿಯವರೆಗೆ ಬಂದಿತ್ತು. ಕೈಲಿ ಏಳು ಮತ್ತು ಎರಡು. ಮಧ್ಯೆ ರಾಜ, ರಾಣಿ, ಒಂಬತ್ತು. ಅಂದರೆ ಪೂರಾ ಕಸ. ಸಲೂನಿನವನು ಐದು ಗುಂಡಿ ಹಾಕಿದ. ವಾಚಪ್ಪ ಎಲೆಯನ್ನು ನೋಡಲೇ ಇಲ್ಲ, ಎದುರಿನ ಮುಖಗಳನ್ನು ನೋಡಿದ. ತನ್ನ ಮುಂದೆ ಉಳಿದಿದ್ದ ಗುಂಡಿಗಳನ್ನೆಲ್ಲ ಎರಡೂ ಕೈಯಿಂದ ನೂಕಿದ.

"ಏರಿಸಿದೆ."

ಧ್ವನಿ ನಡುಗಲಿಲ್ಲ. ಸಿಟ್ಟು ಅದನ್ನು ಗಟ್ಟಿಯಾಗಿ ಹಿಡಿದಿತ್ತು. ಟೈಲರ್, ಅಕ್ಕ ಇಬ್ಬರೂ ಹಿಂದೆ ಸರಿದರು. ಸಲೂನಿನವನು ಕೂದಲು ಉಳಿದಿದೆಯೇ ಎಂದು ಹುಡುಕುವವನಂತೆ ಗಲ್ಲ ಸವರಿಕೊಂಡ.

"ನನ್ನತ್ರ ರಾಜ ಇದೆ. ಆದ್ರೂ ಬಿಟ್ಟೆ ಕಣಪ್ಪ. ಈ ಮುಖ ಸುಳ್ಳು ಹೇಳೋ ಮುಖ ಅಲ್ಲ."

ವಾಚಪ್ಪ ತನ್ನ ಎಲೆಗಳನ್ನು ಮಗುಚಿ ಹಾಕಿದ. "ಏಳು, ಎರಡು! ಈಗ ಹೇಳಿ, ಕುರ್ಚಿ ಯಾರದು?"

"ನಿಂದೇ," ಎಂದ ಟೈಲರ್.

ಸಲೂನಿನವನು ಮಾತ್ರ ಎಲೆ ಬಿಟ್ಟು ತನ್ನ ಮಣಿಕಟ್ಟನ್ನು ನೋಡುತ್ತಿದ್ದ. "ಇರು, ಇರು. ಮೊನ್ನೆ ನನ್ನ ವಾಚಿನ ಸ್ಪ್ರಿಂಗ್ ಹೋಗಿದೆ ಅಂದ್ಯಲ್ಲ? ಆಗಲೂ ಇದೇ ಮುಖ ಇತ್ತು."

"ಅದು ನಿಜವಾಗ್ಲೂ ಹೋಗಿತ್ತಯ್ಯ!"

"ಈಗಲೂ ನಿಜವಾಗ್ಲೂ ಅನ್ನೋ ಹಾಗೇ ಇತ್ತು."

"ನಂದರಲ್ಲಿ ಹಿಟ್ಟು ಕೂತಿದೆ, ಪೂರ್ತಿ ಬಿಚ್ಬೇಕು ಅಂದಿದ್ಯಲ್ಲ ನೀನು," ಎಂದು ಬೇಕರಿ ಅಕ್ಕ ವಾಚು ಕಳಚಿ ಮೇಜಿನ ಮೇಲಿಟ್ಟಳು. ಟೈಲರ್ ಸ್ಟೂಲು ಹತ್ತಿ ಗೋಡೆ ಗಡಿಯಾರವನ್ನೇ ಇಳಿಸಿದ.

"ಇಷ್ಟು ವರ್ಷ ನನ್ನ ನಂಬಿದ್ರಲ್ಲ!" ಎಂದ ವಾಚಪ್ಪ.

"ನಿಂಗೆ ಸುಳ್ಳೇ ಏರಿಸೋಕೆ ಬರೋದಿಲ್ಲ ಅಂತ ನಂಬಿದ್ವಿ," ಎಂದಳು ಅಕ್ಕ. "ಎಲ್ಲರೆದುರಿಗೇ ಬಿಚ್ಚಿ ತೋರ್ಸು. ಆ ಬಟ್ಟೆ ಕತ್ತರಿಸೋ ಮೇಜಿಗೆ ಹೋಗು, ಅಲ್ಲಿ ಬೆಳಕಿದೆ."

"ಮತ್ತೆ ಆಟ?"

"ಆಟ ಯಾಕೆ ನಿಲ್ಲಬೇಕು ಅಣ್ಣ," ಎಂದ ಷಡ್ಡಕ, ಖಾಲಿಯಾದ ಕುರ್ಚಿಯಲ್ಲಿ ಕೂತೇಬಿಟ್ಟು. "ನೀವು ನಿಧಾನಕ್ಕೆ ಬನ್ನಿ."

ವಾಚಪ್ಪ ಸಿಟ್ಟಿನಲ್ಲಿ ಸಲೂನಿನವನ ವಾಚಿನ ಬೆನ್ನು ಕಿತ್ತ. ಎಳ್ಳಿನಷ್ಟು ಸಣ್ಣ ತಿರುಪೊಂದು ಚಿಮ್ಮಿ, ಉರುಳಿ, ಹೊಲಿಗೆ ಮಿಷನ್ನಿನ ಕೆಳಗಿನ ಚಿಂದಿ ಬಟ್ಟೆಯ ರಾಶಿಗೆ ಬಿತ್ತು. ಅವನು ಅದನ್ನು ಹುಡುಕಲು ಮೊಣಕಾಲೂರಿ ಮಿಷನ್ನಿನ ಕೆಳಗೆ ತಲೆ ತೂರಿಸಿದ.