ಹೊಸ ಕ್ಯಾಮ್‌ಶಾಫ್ಟೂ ನನ್ನ ಸೂಕ್ಷ್ಮ ಕಿವಿಯೂ

ಟಕ್ ಟಕ್ ಟಕ್ ಟಕ್. ನಮ್ಮ ಕಾರ್ ಶೆಡ್ಡಿನಲ್ಲಿ ಆ ಸದ್ದನ್ನು ಪತ್ತೆ ಮಾಡಿದವಳು ನಾನೇ. ನಲ್ಲಿ ತೊಟ್ಟಿಕ್ಕಿದರೆ ಅದು ನಮ್ಮದೋ ಪಕ್ಕದ ಮನೆಯದೋ ಎಂದು ಮಲಗಿದಲ್ಲೇ ಹೇಳುವಂಥ ಕಿವಿ ನನ್ನದು. (ಹಾಗೆಂದು ನಾನೇ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ.)

ನನ್ನ ಗಂಡ ಹಳೆಯ ಕಾರಿಗೆ ಹೊಸ ಕ್ಯಾಮ್‌ಶಾಫ್ಟ್ ಹಾಕಿದ್ದರು. ಎಂಜಿನ್ನಿನೊಳಗೆ ತಿರುಗುತ್ತ ವಾಲ್ವುಗಳನ್ನು ತೆರೆದು ಮುಚ್ಚುವ, ಮೈತುಂಬ ಉಬ್ಬುಗಳಿರುವ ಉಕ್ಕಿನ ದಂಡ ಅದು. ತಿಂಗಳುಗಟ್ಟಲೆ ಕಾದು ತರಿಸಿದ್ದು. ಬಂದ ದಿನ ಟವೆಲಿನಲ್ಲಿ ಸುತ್ತಿ, ಹಾಸಿಗೆಯಲ್ಲಿ ನಾನು ಮಲಗುವ ಜಾಗದಲ್ಲೇ ಅದನ್ನು ಮಲಗಿಸಿದ್ದರು. ಇಂಥ ದಂಡಕ್ಕೆ ಮೊದಲ ಓಟವೇ ಗಂಡಾಂತರವಂತೆ. ಚಾಲೂ ಆದೊಡನೆ ಅರ್ಧ ಗಂಟೆ ಎಂಜಿನ್ ಜೋರಾಗಿಯೇ ಓಡಬೇಕು. ನಿಧಾನವಾದರೆ ಎಣ್ಣೆ ಸಾಲದೆ ಉಬ್ಬುಗಳು ಸವೆಯುತ್ತವೆ. ಮತ್ತೆ ಮತ್ತೆ ನಿಲ್ಲಿಸಿ ಚಾಲೂ ಮಾಡುವುದೂ ಒಳ್ಳೆಯದಲ್ಲ. ಅನುಮಾನದ ಸದ್ದು ಬಂದರೆ ಮಾತ್ರ ತಕ್ಷಣ ನಿಲ್ಲಿಸಬೇಕು. ಆಕ್ಸಿಲರೇಟರ್ ಒತ್ತುವ ಕಾಲೂ ಸದ್ದು ಹಿಡಿಯುವ ಕಿವಿಯೂ ನನ್ನವೆಂದು ತೀರ್ಮಾನವಾಯಿತು.

ಸೀಟಿನ ಹರುಕಿನಿಂದ ಸ್ಪ್ರಿಂಗ್ ಚುಚ್ಚುತ್ತಿತ್ತು. ನನ್ನ ತಲೆಯ ಪಕ್ಕದಲ್ಲೇ ಅತ್ತೆಯ ಕೋಣೆಯ ಕಿಟಕಿ. ಮಧ್ಯಾಹ್ನವಾದ್ದರಿಂದ ಅವರು ಮಲಗಿರಬೇಕೆಂದುಕೊಂಡೆ. ಎಂಜಿನ್ ಗರ್ಜಿಸಿತು. ಸ್ವಲ್ಪ ಹೊತ್ತಿಗೇ ಟಕ್ ಟಕ್. ಕೀಲಿ ತಿರುಗಿಸಿ ನಿಲ್ಲಿಸಿಬಿಟ್ಟೆ.

ಬಾನೆಟ್ಟಿನೊಳಗೆ ತಲೆಯಿಟ್ಟಿದ್ದ ನನ್ನ ಗಂಡನಿಗೆ ಏನೂ ಕೇಳಿಸಿರಲಿಲ್ಲ. ಆದರೂ ನನ್ನ ಬೇರೆ ಯಾವ ಮಾತಿಗೂ ಕೊಡದ ಮರ್ಯಾದೆಯನ್ನು ನನ್ನ ಕಿವಿಗೆ ಕೊಟ್ಟು, ಮುಚ್ಚಳ ಬಿಚ್ಚಿ ವಾಲ್ವುಗಳ ಸಂದು ಅಳೆದರು. ಮತ್ತೆ ಚಾಲೂ, ಮತ್ತೆ ಟಕ್ ಟಕ್. ಫ್ಯಾನು, ಬೆಲ್ಟು ನೋಡಿದ್ದಾಯಿತು. ಮೂರನೆಯ ಸಲವೂ ಅದೇ. ಎಂಜಿನ್ ನಿಂತರೆ ಸದ್ದೂ ನಿಲ್ಲುತ್ತಿತ್ತು. ರೋಗಿಯೂ ರೋಗವೂ ಒಟ್ಟಿಗೇ ಪ್ರಾಣ ಬಿಡುತ್ತಿದ್ದವು.

ಅವರು ಸ್ಟೂಲಿನ ಮೇಲೆ ಕುಸಿದರು. "ಹಾಗಾದ್ರೆ ಕ್ಯಾಮ್‌ಶಾಫ್ಟೇ ಹೋಯ್ತು. ಹಾಕೋವಾಗ ನಾನೇ ಎಲ್ಲೋ ಎಡವಿದ್ದೀನಿ."

ನನಗೆ ಆಗಲೇ ಅನ್ನಿಸಿತ್ತು ಎಂದೆ. (ಈ ಮಾತನ್ನು ದಯವಿಟ್ಟು ಮರೆತುಬಿಡಿ.) ಅವರು ಸ್ಪ್ಯಾನರ್ ಹುಡುಕತೊಡಗಿದರು. ನಾನು ನೀರು ತರಲು ಒಳಗೆ ಹೋದೆ.

ಅತ್ತೆ ಮಲಗಿರಲಿಲ್ಲ. ಕಿಟಕಿಯ ಕೆಳಗೆ ಹೊಲಿಗೆ ಮಿಷನ್ನಿನ ಮುಂದೆ, ಮಡಿಲಲ್ಲಿ ದಪ್ಪ ಬೂದು ಬಟ್ಟೆ ಹರಡಿಕೊಂಡು, ಕಾಲನ್ನು ಪೆಡಲಿನ ಮೇಲೆ ಸಿದ್ಧವಾಗಿಟ್ಟುಕೊಂಡು ಕೂತಿದ್ದರು.

"ಯಾಕಮ್ಮ, ಮತ್ತೆ ನಿಲ್ಸಿಬಿಟ್ರಾ? ಒಂದೇ ಒಂದು ಅಂಚು ಬಾಕಿ ಇತ್ತು."

ಹೊಲಿಯಲು ಎಂಜಿನ್ ಯಾಕೆ ಓಡಬೇಕೆಂದು ಕೇಳಿದೆ. ಅವರು ದನಿ ತಗ್ಗಿಸಿದರು.

"ಮಿಷನ್ ಸದ್ದಿಗೆ ತಲೆ ಸಿಡಿಯುತ್ತೆ ಅಂತ ಮೊನ್ನೆ ಅವನ ಹತ್ರ ಹೇಳ್ತಿದ್ಯಲ್ಲ. ಕಾರಿನ ಗಲಾಟೆ ಇರೋವಾಗ ಹೊಲಿದ್ರೆ ನಿನಗೆ ಕೇಳಿಸಲ್ಲ ಅಂದ್ಕೊಂಡೆ. ನಿನ್ನ ಸೀಟಿಗೇ ಕಣಮ್ಮ ಇದು. ಚುಚ್ಚುತ್ತೆ ಅಂತಿದ್ದೆ ನೋಡು."

ಭೂಮಿ ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ಈ ಎರಡು ಕಿವಿಗಳನ್ನಾದರೂ ಅದರೊಳಗೆ ಹಾಕಿಬಿಡುತ್ತಿದ್ದೆ.

ಶೆಡ್ಡಿಗೆ ಓಡಿದೆ. ಸ್ಪ್ಯಾನರ್ ಆಗಲೇ ಮೊದಲ ಬೋಲ್ಟಿನ ಮೇಲೆ ಕೂತಿತ್ತು.

"ರೀ, ಬಿಚ್ಬೇಡಿ. ನೀವು ಎಲ್ಲೂ ಎಡವಿಲ್ಲ."

"ಮತ್ತೆ ಆ ಸದ್ದು?"

ಅದೇ ನಂಬಿಕೆಯ ಕಣ್ಣು. ನನಗೆ ತಲೆ ಎತ್ತಲಾಗಲಿಲ್ಲ.

"ಚಾಲೂ ಮಾಡಿ, ಆಕ್ಸಿಲರೇಟರ್ ಈ ಸಲ ನೀವೇ ಒತ್ತಿ. ಟಕ್ ಟಕ್ ಬಂದ್ರೂ ಅರ್ಧ ಗಂಟೆ ನಿಲ್ಲಿಸ್ಬೇಡಿ, ಅದು ಒಳ್ಳೇ ಸದ್ದು, ಯಾಕಂದ್ರೆ ಅದು..." ಎನ್ನುತ್ತಲೇ, ಅತ್ತೆಯ ಸೂಜಿಗೆ ದಾರ ಪೋಣಿಸಿಕೊಡಲು ಒಳಗೆ ನಡೆದುಬಿಟ್ಟೆ.