ಇದ್ದಿಲ ಬಸ್ಸು ಮತ್ತು ನನ್ನ ಮ್ಯಾಗ್ನೆಟೋ

ನಲವತ್ತು ದಾಟಿದ ಗಂಡಸಿಗೆ ‘ನೀನು ಮತ್ತೆ ಕಲಿಯಬೇಕು’ ಎಂದು ಹೇಳುವುದೂ ಒಂದೇ, ಅವನ ಮೀಸೆ ಹಿಡಿದು ಎಳೆಯುವುದೂ ಒಂದೇ. ನನ್ನ ಮೀಸೆ ಎಳೆದದ್ದು ಯುದ್ಧ. ಸಮುದ್ರದಾಚೆ ಯಾರೋ ಹೊಡೆದಾಡಿಕೊಂಡರೆ ಮದ್ದೂರಿನಿಂದ ಮಳವಳ್ಳಿಗೆ ಬಸ್ಸು ಓಡಿಸುವ ನನಗೇನು ಎಂದು ಹಾಯಾಗಿದ್ದೆ. ಅಷ್ಟರಲ್ಲಿ ಪೆಟ್ರೋಲಿಗೆ ರೇಷನ್ ಬಂತು. ನಮ್ಮ ಧಣಿಗಳು ಬಸ್ಸಿನ ಬೆನ್ನಿಗೆ ಆಳೆತ್ತರದ ಕಬ್ಬಿಣದ ಪೀಪಾಯಿಯೊಂದನ್ನು ಕಟ್ಟಿಸಿ, ಇನ್ನು ಮೇಲೆ ಇದರೊಳಗೆ ಇದ್ದಿಲು ಉರಿಸಿ, ಅದರ ಗ್ಯಾಸಿನಲ್ಲೇ ಗಾಡಿ ಓಡಿಸಬೇಕು ಎಂದರು. ಹದಿನೈದು ದಿನದಲ್ಲಿ ಕಲಿತರೆ ಸರಿ, ಇಲ್ಲದಿದ್ದರೆ ಇದನ್ನು ಆಗಲೇ ಕಲಿತ ಡ್ರೈವರೊಬ್ಬ ಮೈಸೂರಿನಿಂದ ಬರುತ್ತಾನೆ ಎಂದೂ ಸೇರಿಸಿದರು.

ನನ್ನ ಪೆಟ್ರೋಲ್ ಕಾಲದ ಗತ್ತನ್ನು ನೀವು ನೋಡಬೇಕಿತ್ತು. ದಾರಿಯಲ್ಲಿ ಬಸ್ಸು ನಿಂತು ನಾನು ಬಾನೆಟ್ ಎತ್ತಿದರೆ ಜನ ಹತ್ತು ಮಾರು ದೂರ ನಿಲ್ಲುತ್ತಿದ್ದರು. ಒಮ್ಮೆ ಅಮಲ್ದಾರರೇ ಹತ್ತಿರ ಬಂದು, “ಏನಾಗಿದೆ ಡ್ರೈವರೇ?” ಎಂದು ಮೆಲ್ಲಗೆ ಕೇಳಿದ್ದರು. ನಾನು ತಲೆ ಎತ್ತದೆ “ಮ್ಯಾಗ್ನೆಟೋ” ಎಂದಿದ್ದೆ. ಅಷ್ಟೇ, ಅವರು ತಲೆಯಾಡಿಸಿ ಹಿಂದೆ ಸರಿದರು. ಮ್ಯಾಗ್ನೆಟೋ ಎಂದರೆ ಎಂಜಿನ್ನಿಗೆ ಕಿಡಿ ಕೊಡುವ ಭಾಗ. ನಿಜ ಹೇಳಬೇಕೆಂದರೆ, ಎಷ್ಟೋ ಸಲ ಏನಾಗಿದೆಯೆಂದು ನನಗೂ ತಿಳಿಯುತ್ತಿರಲಿಲ್ಲ. ಆದರೆ ಆ ಮಾತು ಬಾಯಿಂದ ಬಿದ್ದ ಮೇಲೆ ಮತ್ತೆ ಪ್ರಶ್ನೆ ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಇದ್ದಿಲು ಬಂದ ಮೇಲೆ ನೋಡಿ, ಬೆಂಕಿ ಯಾರಿಗೆ ಗೊತ್ತಿಲ್ಲ? ಬಸ್ಸು ಹತ್ತುವ ಪ್ರತಿಯೊಬ್ಬರೂ ಹುಟ್ಟಿದಾಗಿನಿಂದ ಒಲೆ ಕಂಡವರೇ. “ಇದ್ಲು ಅಸಿ ಅದೆ ಕಣ್ಲಾ” ಎಂದು ಒಬ್ಬ, “ಗಾಳಿ ಸಾಲ್ದು, ಚಕ್ರ ಇನ್ನೊಸಿ ತಿರುವು” ಎಂದು ಇನ್ನೊಬ್ಬ. ನನ್ನ ವಿದ್ಯೆಗೆ ಒಂದೇ ದಿನದಲ್ಲಿ ಮರ್ಯಾದೆ ಹೋಯಿತು.

ಪಾಠ ಹೇಳಿಕೊಡಲು ಒಪ್ಪಿದವರು ಪೀಪಾಯಿ ಕೂರಿಸಿದ ಮೆಕ್ಯಾನಿಕ್ ಸತ್ತಾರ್ ಸಾಹೇಬರು. ಮದ್ದೂರಿನ ಪೇಟೆಬೀದಿಯಲ್ಲಿ ಅವರ ಷೆಡ್ಡು. ಒಳ್ಳೆಯ ಗುರು, ಬೈಯುವಾಗಲೂ ಬಹುವಚನ ಬಿಡುತ್ತಿರಲಿಲ್ಲ. ಇದ್ದಿಲು ತುಂಬುವುದು, ಗಾಳಿಚಕ್ರ ತಿರುಗಿಸುವುದು, ಗ್ಯಾಸು ಬಂದದ್ದನ್ನು ತಿಳಿಯುವುದು ಎಲ್ಲವನ್ನೂ ಕಲಿಸಿದರು. ಕೊನೆಗೆ, “ನಾಳೆ ಬೂದಿ ತೆಗೆಯೋ ಪಾಠ. ಅದೇ ಮುಖ್ಯ ಡ್ರೈವರೇ, ತಪ್ಪಿಸ್ಬೇಡಿ” ಎಂದರು. ನಾನು ತಪ್ಪಿಸಿದೆ. ಷೆಡ್ಡಿನ ಎದುರುಸಾಲಿನಲ್ಲೇ ನನ್ನ ಮಾವನ ಮನೆ. ಖಾಕಿ ಕೋಟಿನ ಅಳಿಯ ಬೀದಿಯಲ್ಲಿ ಕುಕ್ಕರಗಾಲಲ್ಲಿ ಕೂತು ಬೂದಿ ಬಾಚುವುದನ್ನು ಅತ್ತೆ ನೋಡಬೇಕೆ? ತಲೆನೋವೆಂದು ಹೇಳಿಕಳಿಸಿ, ಬೂದಿ ತೆಗೆಯುವುದರಲ್ಲಿ ಕಲಿಯುವುದೇನಿದೆ ಎಂದು ಮನೆಯಲ್ಲಿ ಮಲಗಿದೆ.

ಹದಿನೈದನೆಯ ದಿನ, ನನ್ನನ್ನು ಪರೀಕ್ಷಿಸಲೆಂದು ಧಣಿಗಳು ನನ್ನ ಪಕ್ಕದಲ್ಲೇ ಕೂತರು. ಹಿಂದೆ ಬಸ್ಸಿನ ತುಂಬ ಜನ. ಅರ್ಧ ದಾರಿ ಚೆನ್ನಾಗಿಯೇ ಹೋಯಿತು. ಆಮೇಲೊಂದು ಏರಿನಲ್ಲಿ ಬಸ್ಸು ಕೆಮ್ಮಿತು, ನಡುಗಿತು, ನಿಂತಿತು. ನಾನು ಇಳಿದು ಇನ್ನಷ್ಟು ಇದ್ದಿಲು ಸುರಿದು ಚಕ್ರ ತಿರುಗಿಸಿದೆ. ಹೊಗೆ ಬಂತೇ ಹೊರತು ಗ್ಯಾಸು ಬರಲಿಲ್ಲ. ಮತ್ತೆ ಸುರಿದೆ, ಮತ್ತೆ ತಿರುಗಿಸಿದೆ. ಧಣಿಗಳು ಜೇಬಿನಿಂದ ಗಡಿಯಾರ ತೆಗೆದು ನೋಡಿದರು. ನನಗೆ ನಿಜವಾಗಿ ಭಯವಾಯಿತು. ಸ್ಟೇರಿಂಗ್ ಬಿಟ್ಟರೆ ನನ್ನ ಕೈಗೆ ಬೇರೆ ಯಾವ ಕೆಲಸವೂ ಬರುತ್ತಿರಲಿಲ್ಲ.

ಮುತ್ತತ್ತಿಗೆ ಹರಕೆ ತೀರಿಸಲು ಹೊರಟಿದ್ದ ಆತಗೂರಿನ ಅಜ್ಜಿಯೊಬ್ಬಳು ಪೀಪಾಯಿಯ ಪಕ್ಕ ಬಂದು ನಿಂತಳು. “ಏನಾಗದಪ್ಪಾ?” ಎಂದಳು. ಅಭ್ಯಾಸಬಲದಿಂದ ನಾನು “ಮ್ಯಾಗ್ನೆಟೋ” ಎಂದೆ.

“ಅದೇನೋ ನಂಗೊತ್ತಿಲ್ಲ. ಬೂದಿ ಕಟ್ಕಂಡದೆ ಕಣಪ್ಪ. ಮ್ಯಾಲಿಂದ ತುರುಕ್ತಾನೇ ಇದ್ರೆ ಕೆಳಗ್ಲಿಂದ ಗಾಳಿ ಎಂಗಾಡ್ತದೆ? ಒಲೆ ಅಚ್ಚೋರು ಯಾರಾದ್ರೂ ಇಂಗ್ ಮಾಡ್ತಾರಾ? ಮೊದ್ಲು ಬೂದಿ ತಗಿ.”

ಜನ ನಕ್ಕರು. ಧಣಿಗಳು ನಗಲಿಲ್ಲ. ನಾನು ಖಾಕಿ ಕೋಟು ಬಿಚ್ಚಿ, ಕುಕ್ಕರಗಾಲಲ್ಲಿ ಕೂತು, ಕೆಳಗಿನ ಬಾಗಿಲು ತೆಗೆದೆ. ಒಂದು ಮಂಕರಿ ಬೂದಿ ಬಂತು. ಪೀಪಾಯಿಯ ಜೊತೆ ಬಂದಿದ್ದ ಕೊಕ್ಕೆಯನ್ನು ಎಲ್ಲಿ ಹಾಕಬೇಕು, ಎಷ್ಟು ಎಳೆಯಬೇಕು ಎಂದು ಅಜ್ಜಿ ನಿಂತಲ್ಲಿಂದಲೇ ಹೇಳಿದಳು, ನಾನು ಎಳೆದೆ. ಬಾಗಿಲು ಮುಚ್ಚಿ ಚಕ್ರ ತಿರುಗಿಸಿದ ಸ್ವಲ್ಪ ಹೊತ್ತಿಗೆ ಎಂಜಿನ್ ಹತ್ತಿಕೊಂಡಿತು. ಮಳವಳ್ಳಿ ಮುಟ್ಟಿದ ಮೇಲೆ ಧಣಿಗಳು, “ಮೈಸೂರಿನವನು ಬೇಡ, ನೀನೇ ಇರು. ಆ ಅಜ್ಜಿಗೆ ವಾಪಸು ಬರುವಾಗ ಮುಂದಿನ ಸೀಟು ಕೊಡು” ಎಂದರು.

ಮನೆಗೆ ಬಂದು ಹೆಂಡತಿಗೆ ಕಥೆ ಹೇಳಿದೆ. ಅಜ್ಜಿಯನ್ನು ಮಾತ್ರ ಬಿಟ್ಟೆ. ಬೂದಿ ಕಟ್ಟಿದ್ದನ್ನು ನಾನೇ ಥಟ್ಟನೆ ಕಂಡುಹಿಡಿದೆ, ಒಂದು ಚೂರೂ ಚೆಲ್ಲದಂತೆ ಬಾಚಿದೆ ಎಂದೆಲ್ಲ ಕೊಚ್ಚಿಕೊಂಡೆ. ಅವಳು ಕಣ್ಣರಳಿಸಿ ಕೇಳಿದಳು. ಮರುದಿನ ಬೆಳಿಗ್ಗೆ ಒಲೆಯ ಬೂದಿ ತುಂಬುವ ಖಾಲಿ ಮಂಕರಿಯನ್ನು ನನ್ನ ಮುಂದೆ ಇಟ್ಟು, “ನಿಮ್ಗೆ ಇಷ್ಟ್ ಚೆಂದಾಗ್ ಬೂದಿ ತಗಿಯಕ್ಕೆ ಬತ್ತದೆ ಅಂತ ನಂಗೊತ್ತೇ ಇರ್ನಿಲ್ಲ. ಏಳಿ” ಎಂದಳು. ನಿಜ ಹೇಳಿದ್ದರೆ ಬಚಾವಾಗುತ್ತಿದ್ದೆನೋ ಏನೋ.

ಯುದ್ಧ ಮುಗಿಯಿತು. ಪೆಟ್ರೋಲು ಬಂತು, ಪೀಪಾಯಿ ಗುಜರಿಗೆ ಹೋಯಿತು. ರಸ್ತೆಯಲ್ಲಿ ನನ್ನ ಮ್ಯಾಗ್ನೆಟೋಗೆ ಮತ್ತೆ ಹಳೆಯ ಮರ್ಯಾದೆ ಸಿಕ್ಕಿದೆ. ಮನೆಯ ಒಲೆಯ ಬೂದಿ ಮಾತ್ರ ಇವತ್ತಿಗೂ ನನ್ನದೇ. ಮೊನ್ನೆ ಒಲೆ ಉರಿಯದೆ ಬರೀ ಹೊಗೆ ಬರುತ್ತಿತ್ತು. “ಯಾಕಂತೆ?” ಎಂದು ಹೆಂಡತಿ ಕೇಳಿದಳು. ನಾನು ತಲೆ ಎತ್ತದೆ, ಗತ್ತಿನಿಂದ “ಮ್ಯಾಗ್ನೆಟೋ” ಎಂದೆ. ಅವಳು ಊದುಕೊಳವೆ ತಂದು ನನ್ನ ಕೈಗೆ ಕೊಟ್ಟಳು.